75ನೇ ನಿಮಿಷದ ನಂತರ: ಲೀಡ್ ಕೈಜಾರುತ್ತಿದ್ದ ಒಂದು ತಂಡದ ಪ್ರಕರಣ

ಬೆಂಗಳೂರಿನ ಜಿಲ್ಲಾ ಲೀಗ್‌ನಲ್ಲಿ ಆಡುವ ಒಂದು ಫುಟ್‌ಬಾಲ್ ತಂಡದ ಪ್ರಕರಣ ಇದು. ಆ ಸೀಸನ್‌ನಲ್ಲಿ ನಾನು ತಂಡದ ಸಹಾಯಕ ಕೋಚ್ ಆಗಿದ್ದೆ. ಡಿಫೆನ್ಸ್ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ತಂಡದ ಹೆಸರು, ವರ್ಷ, ಡಿವಿಷನ್, ಆಟಗಾರರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆದರೆ ನಾವು ತೆಗೆದುಕೊಂಡ ತೀರ್ಮಾನಗಳನ್ನು ಇದ್ದ ಹಾಗೆಯೇ ಬರೆದಿದ್ದೇನೆ, ತಪ್ಪು ತೀರ್ಮಾನಗಳನ್ನೂ ಸೇರಿಸಿ. ನಮ್ಮ ರೋಗ ಇದ್ದದ್ದು ಒಂದು ಕಡೆ, ನಾವು ಎರಡು ತಿಂಗಳು ಮದ್ದು ಹಚ್ಚಿದ್ದು ಇನ್ನೊಂದು ಕಡೆ. ಬೇರೆ ಕೋಚ್‌ಗಳ ಎರಡು ತಿಂಗಳು ಉಳಿದರೆ ಸಾಕು.

ತಂಡದ ಹಿನ್ನೆಲೆ

ಹುಡುಗರಲ್ಲಿ ಹೆಚ್ಚಿನವರು ದಂಡಿನ (ಕಂಟೋನ್ಮೆಂಟ್) ಕಡೆಯವರು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಸುತ್ತಮುತ್ತ ಬೆಳೆದವರು. ಅಲ್ಲಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆ ಓಣಿಗಳಲ್ಲಿ ಫುಟ್‌ಬಾಲ್ ತಾತನ ಕಾಲದಿಂದ ಬಂದದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹುಡುಗರು ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. 70ನೇ ನಿಮಿಷದಲ್ಲಿ ಸಮ ಮಾಡಿದ ಗೋಲು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಕೊನೆಯ ನಿಮಿಷಗಳ ನೋವು ನಮಗೆ ಅಷ್ಟು ಹಳೆಯದು.

ನಮ್ಮ ತಂಡದಲ್ಲಿ ಯಾರಿಗೂ ಆಟವೇ ಉದ್ಯೋಗ ಆಗಿರಲಿಲ್ಲ. ಇಬ್ಬರು ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಕೆಲವರು ಕಾಲೇಜು ಹುಡುಗರು. ಒಬ್ಬ ಬಟ್ಟೆ ಅಂಗಡಿಯಲ್ಲಿ, ಒಬ್ಬ ಜಿಮ್‌ನಲ್ಲಿ. ಬೆಳಗ್ಗೆ 6ಕ್ಕೆ ಮಣ್ಣಿನ ಮೈದಾನದಲ್ಲಿ ಪ್ರಾಕ್ಟೀಸ್. ಮ್ಯಾಚ್ ಮಾತ್ರ ಕೃತಕ ಹುಲ್ಲಿನ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ. ಆ ಹುಲ್ಲು ಕಾಯ್ದಾಗ ಬೂಟಿನ ಒಳಗೆ ಅಂಗಾಲು ಸುಡುತ್ತದೆ. ಆಡಿದವರಿಗೆ ಗೊತ್ತು.

ತಂಡ ಚೆನ್ನಾಗಿತ್ತು. ಗೋಲು ಹೊಡೆಯುವುದು ನಮಗೆ ಕಷ್ಟವೇ ಆಗಿರಲಿಲ್ಲ. ಮುಂದೆ 9ನೇ ನಂಬರಿನಲ್ಲಿ ಒಬ್ಬ ದೊಡ್ಡ ಮೈಕಟ್ಟಿನ ಹುಡುಗ ಇದ್ದ. ಓಟ ಜಾಸ್ತಿ ಇಲ್ಲ. ಆದರೆ ಗೋಲಿಗೆ ಬೆನ್ನು ಕೊಟ್ಟು ನಿಂತು ಚೆಂಡು ತೆಗೆದುಕೊಂಡನೆಂದರೆ ಇಬ್ಬರು ಬಂದರೂ ಕಸಿದುಕೊಳ್ಳಲು ಆಗುತ್ತಿರಲಿಲ್ಲ. ಹಿಂದೆ ಇಬ್ಬರು ಸ್ಟಾಪರ್‌ಗಳು, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳು. ಅವರಲ್ಲಿ ಹಿರಿಯವನಿಗೆ 30 ದಾಟಿತ್ತು. ತಲೆ ಚುರುಕು, ಕಾಲು ಸ್ವಲ್ಪ ನಿಧಾನ. ಈ ಇಬ್ಬರನ್ನು, 9ನೇ ನಂಬರಿನವನನ್ನೂ ಈ ಹಿರಿಯ ಸ್ಟಾಪರ್‌ನನ್ನೂ, ನೆನಪಿಟ್ಟುಕೊಳ್ಳಿ.

ಸಮಸ್ಯೆ

ಮೊದಲ 9 ಮ್ಯಾಚ್‌ಗಳಲ್ಲಿ 6ರಲ್ಲಿ ನಾವು 70ನೇ ನಿಮಿಷಕ್ಕೆ ಮುಂದಿದ್ದೆವು. ಗೆದ್ದದ್ದು ಎರಡೇ. ಮೂರು ಡ್ರಾ ಆದವು, ಒಂದು ಸೋತೆವು. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಅಂದರೆ ಒಂದೊಂದು ಡ್ರಾದಿಂದ 2 ಪಾಯಿಂಟ್ ನಷ್ಟ, ಸೋಲಿನಿಂದ 3. ಒಟ್ಟು 9 ಪಾಯಿಂಟ್ ಕೈಯಲ್ಲಿದ್ದು ಹೋದವು. ಪಟ್ಟಿಯ ಮೇಲಿನ ಸಾಲಿನಲ್ಲಿ ಇರಬೇಕಾದ ತಂಡ ಮಧ್ಯದಲ್ಲಿ ಕೂತಿತ್ತು.

ಪಾಯಿಂಟ್‌ಗಿಂತ ಕೆಟ್ಟದ್ದು ಇನ್ನೊಂದು ಇತ್ತು. ಐದನೇ ಮ್ಯಾಚ್ ಹೊತ್ತಿಗೆ ಹುಡುಗರಿಗೆ ಇದು ಗೊತ್ತಾಗಿಬಿಟ್ಟಿತ್ತು. ಗಡಿಯಾರ 75 ದಾಟುತ್ತಿದ್ದ ಹಾಗೆ ಮುಖಗಳು ಬದಲಾಗುತ್ತಿದ್ದವು. ಚೆಂಡು ಬೇಕು ಅಂತ ಕೈ ಎತ್ತುವವರೇ ಇಲ್ಲ. ಸುಮ್ನೆ ಒದ್ದು ದೂರ ಕಳಿಸಿದರೆ ಸಾಕು ಅನ್ನುವ ಹಾಗೆ. ಗ್ಯಾಲರಿಯಿಂದ ನಮ್ಮವರೇ "ಟೈಮ್ ಎಷ್ಟಾಯ್ತು ರೆಫ್ರೀ" ಎಂದು ಕೂಗುತ್ತಿದ್ದರು. ಎದುರಾಳಿಗಳಿಗೂ ಸುದ್ದಿ ಮುಟ್ಟಿತ್ತು. ಒಂದು ತಂಡದ ಕೋಚ್ 1-0 ಹಿಂದಿದ್ದಾಗಲೂ ಬೆಂಚಿನಲ್ಲಿ ಆರಾಮವಾಗಿ ಕೂತಿದ್ದರು. ಅವರಿಗೆ ಗೋಲು ಬಂತು, 86ನೇ ನಿಮಿಷದಲ್ಲಿ.

ಕನ್ನಡಿಗರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಾರ್ಚ್ 18, ಗೋವಾದ ಫಾತೋರ್ಡಾ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಹೆಡ್ ಮಾಡಿ ಬೆಂಗಳೂರು ಎಫ್‌ಸಿಯನ್ನು 2-1 ಮುಂದೆ ತಂದರು. 85ನೇ ನಿಮಿಷದಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು, 2-2 ಆಯಿತು. ಕೊನೆಗೆ ಶೂಟೌಟ್‌ನಲ್ಲಿ ಕಪ್ ಹೋಯಿತು. ಭಾರತ ತಂಡದ್ದೂ ಅದೇ ಗೋಳು. 2019ರ ಸೆಪ್ಟೆಂಬರ್‌ನಲ್ಲಿ ಗುವಾಹಟಿಯಲ್ಲಿ ಒಮಾನ್ ವಿರುದ್ಧ 82ನೇ ನಿಮಿಷದವರೆಗೂ ಛೆಟ್ರಿ ಗೋಲಿನಿಂದ ಮುಂದಿದ್ದು 1-2 ಸೋಲು. 2024ರ ಮಾರ್ಚ್‌ನಲ್ಲಿ ಅದೇ ಊರಿನಲ್ಲಿ ಅಫ್ಘಾನಿಸ್ತಾನದ ವಿರುದ್ಧ ಮತ್ತೆ ಮುಂದಿದ್ದು, 88ನೇ ನಿಮಿಷದ ಪೆನಾಲ್ಟಿಯಿಂದ ಮತ್ತೆ 1-2. ದೊಡ್ಡವರಿಗೂ ಆಗುತ್ತದೆ ಅಂತ ನಮ್ಮ ಹುಡುಗರಿಗೆ ಸಮಾಧಾನ ಹೇಳಬಹುದಿತ್ತು. ಆದರೆ ಸಮಾಧಾನದಿಂದ ಗೋಲು ನಿಲ್ಲುವುದಿಲ್ಲ.

ನಾವು ಮೊದಲು ಮಾಡಿದ್ದು

ಮೊದಲು ನಾವು ದೋಷ ಹಾಕಿದ್ದು ಫಿಟ್‌ನೆಸ್ ಮೇಲೆ. ಕೊನೆಯಲ್ಲಿ ಗೋಲು ಬೀಳುತ್ತಿದೆ, ಅಂದರೆ ಕೊನೆಯಲ್ಲಿ ಸುಸ್ತಾಗುತ್ತಿದೆ. ಲೆಕ್ಕ ಸರಿ ಇದೆ ಅನ್ನಿಸಿತು. ಪ್ರಾಕ್ಟೀಸ್ ಮುಗಿದ ಮೇಲೆ ಮೈದಾನಕ್ಕೆ ಹತ್ತು ಸುತ್ತು ಜಾಸ್ತಿ ಓಡಿಸಿದೆವು. ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬರುತ್ತಿದ್ದ ಇಬ್ಬರು ಮೂರನೇ ದಿನಕ್ಕೆ ನೆಲ ಹಿಡಿದರು. ಅವರಲ್ಲಿ ಒಬ್ಬನಿಗೆ ಮ್ಯಾಚಿನ ದಿನ 60ನೇ ನಿಮಿಷಕ್ಕೇ ಮೀನಖಂಡ ಹಿಡಿಯಿತು. ಸುಸ್ತು ಇದ್ದದ್ದು ನಿಜ. ಆದರೆ ಎದುರಾಳಿಗಳೂ ಅದೇ ಬಿಸಿಲಲ್ಲಿ ಅಷ್ಟೇ ಹೊತ್ತು ಆಡುತ್ತಿದ್ದರಲ್ಲ. ಈ ಪ್ರಶ್ನೆಯನ್ನು ಆಗ ನಾವು ಕೇಳಿಕೊಳ್ಳಲಿಲ್ಲ.

ಎರಡನೆಯದು, ಡಿಫೆಂಡರ್‌ಗಳನ್ನು ಹೆಚ್ಚಿಸುವುದು. ಸೀಸನ್ ಶುರುವಿನಿಂದಲೂ ಹೆಡ್ ಕೋಚ್ ಲೀಡ್ ಇದ್ದಾಗ 70ರ ಆಸುಪಾಸಿನಲ್ಲಿ 9ನೇ ನಂಬರಿನವನನ್ನು ತೆಗೆದು ಡಿಫೆನ್ಸ್ ಆಡುವ ಮಿಡ್‌ಫೀಲ್ಡರ್‌ನನ್ನು ಹಾಕುತ್ತಿದ್ದರು. ಏಳನೇ ಮ್ಯಾಚಿನಿಂದ ಮಿಡ್‌ಫೀಲ್ಡರ್ ಬದಲು ಐದನೇ ಡಿಫೆಂಡರ್ ಬಂದ. ಸಲಹೆ ನನ್ನದೇ. ಮನೆಗೆ ಕಳ್ಳ ಬರುತ್ತಾನೆ ಅಂದರೆ ಬಾಗಿಲಿಗೆ ಇನ್ನೊಂದು ಚಿಲಕ ಹಾಕುವುದು ಎಲ್ಲರಿಗೂ ಹೊಳೆಯುವ ಉಪಾಯ. ಆ ಮ್ಯಾಚನ್ನು 1-2 ಸೋತೆವು. ಎಂಟನೆಯದು ಮತ್ತೆ ಡ್ರಾ.

ಮೂರನೆಯದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಏಳನೇ ಮ್ಯಾಚ್ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ, ಎಲ್ಲರ ಎದುರು, ನಾನು ಹಿರಿಯ ಸ್ಟಾಪರ್ ಮೇಲೆ ಕೂಗಾಡಿದೆ. "ಬಾಕ್ಸ್ ಒಳಗೆ ಹೋಗಿ ನಿಂತ್ಕೊಂಡ್ರೆ ಏನಪ್ಪಾ ಮಾಡೋದು? ಮುಂದೆ ಬಾ ಅಂತ ಎಷ್ಟು ಸಲ ಹೇಳಬೇಕು?" ಅವನು ಬೂಟಿನ ಲೇಸ್ ಬಿಚ್ಚುತ್ತಾ ತಲೆ ಎತ್ತದೆ ಕೂತಿದ್ದ. ಎಂಟನೇ ಮ್ಯಾಚ್ ಆಡಿದ. ಅದಾದ ಮೇಲೆ ಪ್ರಾಕ್ಟೀಸಿಗೆ ಬರುವುದನ್ನೇ ನಿಲ್ಲಿಸಿದ. ಒಂಬತ್ತನೇ ಮ್ಯಾಚಿಗೆ ಅವನಿರಲಿಲ್ಲ. ಅವತ್ತು ನಾವು ಲೀಡ್ ತೆಗೆದುಕೊಳ್ಳಲೇ ಇಲ್ಲ.

ಐದು ಗೋಲುಗಳ ವಿಡಿಯೊ

ಆಮೇಲೆ ನಮಗೆ ಮೂರು ವಾರ ಮ್ಯಾಚ್ ಇರಲಿಲ್ಲ. ಅದೇ ನಮ್ಮ ಪುಣ್ಯ.

ಸೀಸನ್ ಆರಂಭದಲ್ಲೇ ಮಂಡಿ ನೋವಾಗಿ ಹೊರಗುಳಿದ ಒಬ್ಬ ಹುಡುಗ ಎಲ್ಲ ಮ್ಯಾಚ್‌ಗಳನ್ನೂ ಗ್ಯಾಲರಿಯಿಂದ ಮೊಬೈಲಿನಲ್ಲಿ ಶೂಟ್ ಮಾಡಿದ್ದ. ಯಾರೂ ಹೇಳಿರಲಿಲ್ಲ, ಅವನೇ ಮಾಡುತ್ತಿದ್ದ. ಚಿತ್ರ ಅಲ್ಲಾಡುತ್ತದೆ, ನಂಬರ್ ಸರಿಯಾಗಿ ಕಾಣುವುದಿಲ್ಲ. ಆದರೂ ಆಟ ಕಾಣುತ್ತದೆ. ಒಂದು ಸಂಜೆ ಹೆಡ್ ಕೋಚ್, ನಾನು, ಆ ಹುಡುಗ ಮೂವರೂ ಕೂತೆವು. ಕೊನೆಯ ಹೊತ್ತಿನಲ್ಲಿ ನಾವು ತಿಂದ ಗೋಲು ಒಟ್ಟು ಐದು. ನಾನು ಪ್ರತಿಯೊಂದನ್ನೂ ಕ್ರಾಸ್ ಬರುವ ಕ್ಷಣದಿಂದ ತೋರಿಸುತ್ತಿದ್ದೆ. ಯಾರ ಮಾರ್ಕಿಂಗ್ ತಪ್ಪಿತು, ಯಾರು ಹಾರಲಿಲ್ಲ, ಹೀಗೆ. ಹುಡುಗ ನಡುವೆ ಬಾಯಿ ಹಾಕಿದ. "ಸರ್, ಸ್ವಲ್ಪ ಹಿಂದಕ್ಕೆ ಹಾಕ್ತೀನಿ. ಒಂದ್ನಿಮಿಷ ಮುಂಚೆಯಿಂದ ನೋಡಿ."

ನೋಡಿದೆವು. ಅಲ್ಲಿಂದ ಇಡೀ ಪ್ರಕರಣವೇ ತಿರುಗಿತು.

ಐದರಲ್ಲಿ ನಾಲ್ಕು ಗೋಲುಗಳಲ್ಲಿ, ಗೋಲಿಗೆ ಅರ್ಧ ನಿಮಿಷ ಮೊದಲು ಚೆಂಡು ನಮ್ಮ ಹತ್ತಿರವೇ ಇತ್ತು. ಒಂದರಲ್ಲಿ ಸ್ಟಾಪರ್ ಚೆಂಡನ್ನು ಉದ್ದಕ್ಕೆ ಒದ್ದ. ಮುಂದೆ ನಮ್ಮವರು ಒಬ್ಬರೂ ಇಲ್ಲ. ಅವರ ಸ್ಟಾಪರ್ ಆರಾಮವಾಗಿ ಎದೆಯಲ್ಲಿ ಇಳಿಸಿಕೊಂಡು ವಾಪಸ್ ಕಳಿಸಿದ. ಮತ್ತೆ ಒದ್ದೆವು, ಮತ್ತೆ ಬಂತು. ಮೂರನೇ ಸಲ ಬಂದಾಗ ಕ್ರಾಸ್, ಹೆಡರ್, ಗೋಲು. ಇನ್ನೊಂದರಲ್ಲಿ ನಮ್ಮದೇ ಥ್ರೋ. ಗೆರೆಯುದ್ದಕ್ಕೂ ಮುಂದಕ್ಕೆ ಎಸೆದು ಕಳೆದುಕೊಂಡೆವು. ಸೋತ ಮ್ಯಾಚಿನ ಮೊದಲ ಗೋಲಿನಲ್ಲಿ ನಮ್ಮ ಕೀಪರ್ ಹಿಡಿದ ಚೆಂಡನ್ನು ಅರ್ಧ ಮೈದಾನಕ್ಕೆ ಒದ್ದ. ಅದು ಬಿದ್ದ ಕಡೆ ನಮ್ಮವರಿಲ್ಲ. ಆ ದಾಳಿಯಿಂದ ಕಾರ್ನರ್, ಕಾರ್ನರಿನಿಂದ ನಾವು ಅರೆಬರೆ ಹೊರಗೆ ಕಳಿಸಿದ ಚೆಂಡು ಬಾಕ್ಸ್ ಅಂಚಿನಲ್ಲಿ ಅವರಿಗೇ ಸಿಕ್ಕಿತು. ಎರಡನೆಯದು ಪೆನಾಲ್ಟಿ. ಅದಕ್ಕೂ ಮೊದಲು ಒದ್ದದ್ದು, ವಾಪಸ್ ಬಂದದ್ದು ಇದೇ ಕತೆ. ಐದನೆಯದು ಮಾತ್ರ ಫ್ರೀ ಕಿಕ್‌ನಲ್ಲಿ ನಿಜವಾದ ಮಾರ್ಕಿಂಗ್ ತಪ್ಪು.

ಬಾಕ್ಸ್ ಅಂಚಿನ ಆ ಚೆಂಡನ್ನು ನೋಡುವಾಗ ನನಗೆ 1999ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೆನಪಾಯಿತು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಬೇಯರ್ನ್ ಮ್ಯೂನಿಕ್ 6ನೇ ನಿಮಿಷದಿಂದ 1-0 ಮುಂದೆ. 80ನೇ ನಿಮಿಷದಲ್ಲಿ ಹಿಂದೆ ನಿಂತು ಎಲ್ಲರನ್ನೂ ನಡೆಸುತ್ತಿದ್ದ ಮಾಥಿಯಸ್ ಹೊರಗೆ ಹೋದರು. ಇಂಜುರಿ ಟೈಮ್‌ನಲ್ಲಿ ಯುನೈಟೆಡ್‌ನ ಬೆಕಮ್ ಕಾರ್ನರ್. ಫಿಂಕ್ ಒದ್ದ ಚೆಂಡು ದೂರ ಹೋಗದೆ ಬಾಕ್ಸ್ ಹೊರಗೆ ಗಿಗ್ಸ್ ಕಾಲಿಗೆ ಬಂತು. ಅವರ ಹೊಡೆತವನ್ನು ಶೆರಿಂಗಮ್ ಗೋಲಿಗೆ ತಿರುಗಿಸಿದರು. ಎರಡು ನಿಮಿಷದಲ್ಲಿ ಸೋಲ್ಷಾರ್ ಇನ್ನೊಂದು. ಆ ಕೊನೆಯ ಹೊತ್ತಿನಲ್ಲಿ ಬೇಯರ್ನ್ ಚೆಂಡು ಒಮ್ಮೆ ಕಂಬಕ್ಕೂ ಒಮ್ಮೆ ಅಡ್ಡಪಟ್ಟಿಗೂ ಬಡಿದಿತ್ತು. ಹಾಗಾಗಿ ಎಲ್ಲವನ್ನೂ ಮಾಥಿಯಸ್ ಅವರನ್ನು ತೆಗೆದ ಒಂದೇ ಸಬ್ (ಬದಲಾವಣೆ) ಮೇಲೆ ಹೊರಿಸುವುದು ನ್ಯಾಯ ಅಲ್ಲ. ಆದರೆ ಅರೆಬರೆ ಕ್ಲಿಯರೆನ್ಸ್ ಎಷ್ಟು ದುಬಾರಿ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಆ ಸಂಜೆ ಹುಡುಗ ಇನ್ನೊಂದು ಮಾತು ಹೇಳಿದ. "ಸರ್, ನಾಲ್ಕನೇ ಮ್ಯಾಚು 1-0 ಗೆದ್ವಲ್ಲ. ಅವತ್ತು ಒಂಬತ್ತನೇ ನಂಬರ್ ಅಣ್ಣ ಕೊನೆವರೆಗೂ ಆಡಿದ್ರು."

ಹೌದು. ಅವತ್ತು ಕೆಲಸದ ದಿನ. ರಜೆ ಸಿಗದೆ ಎಷ್ಟೋ ಜನ ಬಂದಿರಲಿಲ್ಲ. ಬೆಂಚಿನಲ್ಲಿ ಇದ್ದದ್ದು ಒಬ್ಬ ಸಬ್ ಕೀಪರ್ ಮಾತ್ರ. ಬದಲಿಸಲು ಯಾರೂ ಇಲ್ಲದೆ ಹೆಡ್ ಕೋಚ್ ಅವನನ್ನು ಹಾಗೇ ಬಿಟ್ಟಿದ್ದರು. ಆ ಮ್ಯಾಚಿನ ಕೊನೆಯ 15 ನಿಮಿಷ ಹಾಕಿಸಿ ನೋಡಿದೆವು. ನಾವು ಒದ್ದ ಚೆಂಡು ಅವನ ಎದೆಗೆ ಬೀಳುತ್ತದೆ. ಇಬ್ಬರು ಮೈಮೇಲೆ ಬೀಳುತ್ತಾರೆ. ಅವನು ತಡೆದು ನಿಲ್ಲುತ್ತಾನೆ, ಫೌಲ್ ಸಿಗುತ್ತದೆ, ಅಥವಾ ಪಕ್ಕಕ್ಕೆ ಕೊಡುತ್ತಾನೆ. ಅಷ್ಟರಲ್ಲಿ ನಮ್ಮ ಹಿಂದಿನವರು 20 ಗಜ ಮುಂದೆ ಬಂದು ಉಸಿರು ತೆಗೆದುಕೊಳ್ಳುತ್ತಾರೆ. ಇನ್ನೊಂದು ಗೆಲುವು ಮೊದಲ ಮ್ಯಾಚಿನದು, ಅದರಲ್ಲಿ 3-0 ಇದ್ದೆವು, ಅದರಿಂದ ಕಲಿಯುವುದು ಏನೂ ಇರಲಿಲ್ಲ.

ಹೆಡ್ ಕೋಚ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ನಮ್ಮ ಒಳ್ಳೇ ಡಿಫೆಂಡರ್‌ನ ನಾನೇ ಪ್ರತಿ ಸಲ ಹೊರಗೆ ಕರ್ಕೊಂಡು ಬಂದಿದೀನಿ."

ಚಹಾ ಅಂಗಡಿಯ ಮಾತು

ಒಂದು ಪ್ರಶ್ನೆ ಇನ್ನೂ ಉಳಿದಿತ್ತು. ಚೆಂಡು ಮುಂದೆ ಹೋದಾಗ ಡಿಫೆನ್ಸ್ ಲೈನ್ ಯಾಕೆ ಮೇಲೆ ಬರುತ್ತಿಲ್ಲ? ಲೈನ್ ಬಾಕ್ಸ್ ಹತ್ತಿರ, ಮಿಡ್‌ಫೀಲ್ಡ್ ಮೈದಾನದ ನಡುವೆ. ಎರಡರ ಮಧ್ಯೆ 25 ಗಜ ಖಾಲಿ ಜಾಗ. ವಾಪಸ್ ಬಂದ ಚೆಂಡೆಲ್ಲ ಆ ಖಾಲಿ ಜಾಗದಲ್ಲೇ ಬೀಳುತ್ತಿತ್ತು. ಇದನ್ನು ವಿಡಿಯೊ ಹೇಳುವುದಿಲ್ಲ. ಆಡುವವನೇ ಹೇಳಬೇಕು.

ಹಿರಿಯ ಸ್ಟಾಪರ್ ಕೆಲಸ ಮಾಡುವ ಕಡೆ ಹೋದೆ. ಪಕ್ಕದ ಚಹಾ ಅಂಗಡಿಯಲ್ಲಿ ನಿಂತೆವು. ಮೊದಲು ಕ್ಷಮೆ ಕೇಳಿದೆ. ಎಲ್ಲರ ಎದುರು ಬೈದದ್ದಕ್ಕೆ ಎಲ್ಲರ ಎದುರೇ ಕೇಳುತ್ತೇನೆ ಅಂದೆ. "ಬಿಡಿ ಸರ್, ಆಟದಲ್ಲಿ ಆಗುತ್ತೆ" ಅಂದ. ಆದರೆ ದನಿ ಇನ್ನೂ ಬಿಗಿಯಾಗೇ ಇತ್ತು. ಆಮೇಲೆ ಕೇಳಿದೆ. ಈ ಸಲ ಬೈಯಲು ಅಲ್ಲ, ತಿಳಿದುಕೊಳ್ಳಲು. ಯಾಕಪ್ಪಾ ಮುಂದೆ ಬರಲ್ಲ?

"ನಾನು ಮುಂದೆ ಬಂದ್ರೆ ಹಿಂದೆ ಜಾಗ ಬೀಳುತ್ತೆ ಸರ್. ಆ ಜಾಗಕ್ಕೆ ಚೆಂಡು ಹಾಕಿದ್ರೆ ಇಪ್ಪತ್ತು ವರ್ಷದ ಹುಡುಗರ ಜೊತೆ ನಾನು ಓಡಬೇಕು. 75 ನಿಮಿಷ ಆದ್ಮೇಲೆ ನನ್ನ ಕಾಲಲ್ಲಿ ಅದು ಆಗಲ್ಲ. ಕೀಪರ್ ಬಾಕ್ಸ್ ಅಂಚಿಗೆ ಬಂದು ನಿಂತ್ರೆ ಆ ಚೆಂಡು ಅವನದು. ಆದರೆ ಅವನು ಗೆರೆ ಬಿಟ್ಟು ಬರಲ್ಲ. ಅದಕ್ಕೆ ನಾನು ಅವನ ಹತ್ರ ಹೋಗಿ ನಿಂತ್ಕೊಳ್ತೀನಿ."

ಮರುದಿನ ಕೀಪರ್‌ನನ್ನು ಕೇಳಿದೆ. 20 ವರ್ಷದ ನಾಚಿಕೆ ಸ್ವಭಾವದ ಹುಡುಗ. ಅವನ ಉತ್ತರ ಇನ್ನೂ ಚಿಕ್ಕದು. "ಸರ್, ಪ್ರಾಕ್ಟೀಸ್ ಮ್ಯಾಚಲ್ಲಿ ಒಂದ್ಸಲ ಮುಂದೆ ಬಂದು ತಲೆ ಮೇಲಿಂದ ಗೋಲು ತಿಂದೆ. ಹೆಡ್ ಕೋಚ್ ಸರ್ ಹೇಳಿದ್ರು, ನಿನ್ನ ಗೋಲು ಬಿಟ್ಟು ಎಲ್ಲೂ ಹೋಗಬೇಡ ಅಂತ."

ಸೀಸನ್ ಶುರುವಾಗುವ ಮೊದಲು ಸಿಟ್ಟಿನಲ್ಲಿ ಹೇಳಿದ ಒಂದು ಮಾತು ಅದು. ಹೇಳಿದವರಿಗೇ ನೆನಪಿರಲಿಲ್ಲ. ಆದರೆ ಹುಡುಗ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಕೀಪರ್ ಗೆರೆ ಬಿಡಲಿಲ್ಲ, ಅದಕ್ಕೆ ಸ್ಟಾಪರ್ ಹಿಂದೆ ಸರಿದ. ಸ್ಟಾಪರ್ ಹಿಂದೆ ಸರಿದದ್ದಕ್ಕೆ ನಡುವೆ ಜಾಗ ಬಿತ್ತು. ಆ ಜಾಗವನ್ನು ತುಂಬಲು ಮಿಡ್‌ಫೀಲ್ಡರ್‌ಗಳು ಹಿಂದೆ ಓಡಿ ಓಡಿ 75ಕ್ಕೆ ಸುಸ್ತಾದರು. ಮುಂದೆ ಚೆಂಡು ಹಿಡಿದು ಎಲ್ಲರಿಗೂ ಬಿಡುವು ಕೊಡಬಲ್ಲ ಒಬ್ಬನನ್ನು ನಾವೇ ತೆಗೆದುಬಿಟ್ಟೆವು. ನಾನು ಬೈದದ್ದು ಈ ಸರಪಳಿಯ ನಡುವಿನ ಒಂದು ಕೊಂಡಿಯನ್ನು.

ಬದಲಿಸಿದ್ದು

ಮೊದಲ ಪ್ರಾಕ್ಟೀಸಿನಲ್ಲಿ ಹಿರಿಯ ಸ್ಟಾಪರ್‌ಗೆ ಎಲ್ಲರ ಎದುರು ಕ್ಷಮೆ ಕೇಳಿದೆ. ಹೆಡ್ ಕೋಚ್ ಕೀಪರ್‌ನ ಹೆಗಲ ಮೇಲೆ ಕೈ ಹಾಕಿ, "ನಾನು ಹೇಳಿದ್ದು ಮರೆತುಬಿಡು. ಇವತ್ತಿಂದ ಚೆಂಡು ಅವರ ಅರ್ಧದಲ್ಲಿ ಇದ್ರೆ ನೀನು ಬಾಕ್ಸ್ ಅಂಚಲ್ಲಿ ಇರಬೇಕು. ತಲೆ ಮೇಲಿಂದ ಗೋಲು ಬಿದ್ರೆ ಅದು ನನ್ನ ಲೆಕ್ಕಕ್ಕೆ" ಎಂದರು. ಅವರಿಗೆ ಅದು ಸುಲಭ ಇರಲಿಲ್ಲ. ಹಳೆಯ ಕಾಲದ ಕೋಚ್, ತಪ್ಪಾಯಿತು ಅನ್ನುವ ಅಭ್ಯಾಸ ಇಲ್ಲದವರು. ನನ್ನ ಮಟ್ಟಿಗೆ ಆ ಸೀಸನ್‌ನ ಅತಿ ದೊಡ್ಡ ತೀರ್ಮಾನ ಅದೇ.

ಆಮೇಲೆ ಕೂಗು. ಚೆಂಡು ನಮ್ಮ ಬಾಕ್ಸಿನಿಂದ ಹೊರಗೆ ಹೋದ ಕೂಡಲೇ ಕೀಪರ್ ಒಂದು ಪದ ಕೂಗಬೇಕು, ಲೈನ್ ಪೂರ್ತಿ ಓಡಿ ಮುಂದೆ ಬರಬೇಕು. ಯಾವ ಪದ? ನಮ್ಮಲ್ಲಿ ಕನ್ನಡ, ತಮಿಳು, ಮಲಯಾಳ, ಉರ್ದು ಎಲ್ಲ ಇತ್ತು. ಹುಡುಗರೇ "ಮೇಲೆ" ಎಂದು ಆರಿಸಿದರು. ತಮಿಳಿನಲ್ಲೂ ಮಲಯಾಳದಲ್ಲೂ ಅದು ಹೆಚ್ಚು ಕಡಿಮೆ ಹಾಗೇ ಇದೆ, ಉರ್ದು ಮಾತಾಡುವವರಿಗೂ ಬೆಂಗಳೂರಿನಲ್ಲಿ ಅದು ಗೊತ್ತು. ಮೊದಲ ವಾರ ಕೀಪರ್‌ನ ದನಿ ಅರ್ಧ ಮೈದಾನಕ್ಕೂ ಕೇಳುತ್ತಿರಲಿಲ್ಲ. ಹಿರಿಯ ಸ್ಟಾಪರ್ ತಿರುಗಿ ನಿಂತು, "ಮಗಾ, ನಿಮ್ಮನೇಲಿ ಹಾಲಿನವನನ್ನ ಕರೆಯೋ ಥರ ಕೂಗು" ಅನ್ನುತ್ತಿದ್ದ. ಎರಡನೇ ವಾರಕ್ಕೆ ರಸ್ತೆಯವರೆಗೂ ಕೇಳಿಸಿತು.

ಥ್ರೋ ಬಗ್ಗೆ ಒಂದೇ ನಿಯಮ ಮಾಡಿದೆವು. ಲೀಡ್ ಇದ್ದಾಗ ನಮ್ಮ ಅರ್ಧದಲ್ಲಿ ಗೆರೆಯುದ್ದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೆ ಸ್ಟಾಪರ್‌ಗೆ ಕೊಟ್ಟು ಇನ್ನೊಂದು ಬದಿಗೆ ಸಾಗಿಸಬೇಕು. ಅವರ ಅರ್ಧದಲ್ಲಾದರೆ ಮುಂದಕ್ಕೆ ಎಸೆಯಬಹುದು. ಥ್ರೋನಿಂದ ನೇರವಾಗಿ ಚೆಂಡು ತೆಗೆದುಕೊಂಡರೆ ಆಫ್‌ಸೈಡ್ ಇಲ್ಲ ಅನ್ನುವುದು ನಮ್ಮ ಇಬ್ಬರು ವಿಂಗರ್‌ಗಳಿಗೆ ಅಲ್ಲಿಯವರೆಗೂ ಸರಿಯಾಗಿ ಗೊತ್ತೇ ಇರಲಿಲ್ಲ.

ಕೀಪರ್ ಚೆಂಡಿನ ಮೇಲೆ ಮಲಗಿ ಸಮಯ ಕಳೆಯುವುದನ್ನೂ ನಿಲ್ಲಿಸಿದೆವು. ಆಗ ಇನ್ನೂ 6 ಸೆಕೆಂಡಿನ ನಿಯಮ, ರೆಫ್ರಿಗಳು ಅಷ್ಟಾಗಿ ಲೆಕ್ಕ ಹಾಕುತ್ತಿರಲಿಲ್ಲ. ನಮ್ಮ ಕಾರಣ ಬೇರೆ. ಅವನು ಮಲಗಿದ್ದಷ್ಟು ಹೊತ್ತು ನಮ್ಮವರೆಲ್ಲ ಬಾಕ್ಸ್ ಹತ್ತಿರವೇ ನಿಂತು ಎದುರಾಳಿಗೆ ಜೋಡಿಸಿಕೊಳ್ಳಲು ಸಮಯ ಕೊಡುತ್ತಿದ್ದರು. ಈಗಿನ ಕೋಚ್‌ಗಳು ಇದನ್ನು ಇನ್ನೂ ಗಮನಿಸಬೇಕು. 2025ರ ಜುಲೈಯಿಂದ ಬಂದ ನಿಯಮದಲ್ಲಿ ಕೀಪರ್ 8 ಸೆಕೆಂಡಿಗಿಂತ ಜಾಸ್ತಿ ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್. 1-0 ಇರುವಾಗ 88ನೇ ನಿಮಿಷದಲ್ಲಿ ನಾವೇ ಕೈಯಾರೆ ಕಾರ್ನರ್ ಕೊಡುವುದು ಎಂದರೆ ಏನು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಹತ್ತು ಸುತ್ತು ಓಟ ಬಿಟ್ಟೆವು. ಅದರ ಬದಲು ಪ್ರಾಕ್ಟೀಸಿನ ಕೊನೆಗೆ, ಎಲ್ಲರೂ ದಣಿದಿರುವಾಗ, 12 ನಿಮಿಷದ ಒಂದು ಆಟ. ಒಂದು ಕಡೆಯವರು 1-0 ಮುಂದೆ ಇದ್ದಾರೆ ಅಂತ ಲೆಕ್ಕ. ಹಿಂದಿರುವ ಕಡೆಗೆ ಇಬ್ಬರು ಹೆಚ್ಚು. ಮುಂದಿರುವವರು ಸುಮ್ನೆ ಒದ್ದು ದೂರ ಕಳಿಸಿದರೆ ಏನೂ ಸಿಗುವುದಿಲ್ಲ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ನಡುಗೆರೆ ದಾಟಿದರೆ ಒಂದು ಪಾಯಿಂಟ್. ಮೊದಲ ಮೂರು ದಿನ ಮುಂದಿದ್ದವರು ಪ್ರತಿ ಸಲ ಸೋತರು. ನಾಲ್ಕನೇ ದಿನ 9ನೇ ನಂಬರಿನವನು ನಾಲ್ಕು ಸಲ ಚೆಂಡು ಹಿಡಿದು ನಿಂತ. ಹಿಂದಿನವರು ತಾವಾಗೇ ಮೇಲೆ ಬಂದರು. ಅವತ್ತು ನನಗೆ ಧೈರ್ಯ ಬಂತು.

ಸಬ್ ವಿಷಯಕ್ಕೆ ನಾವು ಕಾಗದದ ಮೇಲೆ ಬರೆದಿಟ್ಟುಕೊಂಡೆವು. ಲೀಡ್ ಇದ್ದಾಗ 9ನೇ ನಂಬರಿನವನಿಗೆ ಆಗದಿದ್ದರೆ ಮಾತ್ರ ತೆಗೆಯುವುದು. ತೆಗೆದರೂ ಮುಂದೆ ಆಡುವವನನ್ನೇ ಹಾಕುವುದು, ಡಿಫೆಂಡರ್‌ನನ್ನು ಅಲ್ಲ. ಬರೆದಿಡುವುದು ಯಾಕೆ ಅಂದರೆ, 80ನೇ ನಿಮಿಷದಲ್ಲಿ ಭಯ ಬಂದಾಗ ಬೆಂಚಿನಲ್ಲಿ ಕೂತವರಿಗೆ ಎಂಥ ತೀರ್ಮಾನ ಹೊಳೆಯುತ್ತದೆ ಎಂದು ನಾವು ಒಂಬತ್ತು ಮ್ಯಾಚ್ ನೋಡಿದ್ದೆವು.

ಏನಾಯಿತು

ಉಳಿದದ್ದು 8 ಮ್ಯಾಚ್. ಮೊದಲನೆಯದರಲ್ಲಿ 2-1 ಗೆದ್ದೆವು. ಅದರ ಮುಂದಿನದರಲ್ಲಿ ಹೊಸ ಪದ್ಧತಿಯ ಬೆಲೆ ತೆತ್ತೆವು. 58ನೇ ನಿಮಿಷದಲ್ಲಿ ಲೈನ್ ಮೇಲಿತ್ತು, ಹಿಂದೆ ಚೆಂಡು ಬಿತ್ತು, ಕೀಪರ್ ಹೊರಗೆ ಓಡಿ ಬಂದು ಒದೆಯಲು ಹೋಗಿ ತಪ್ಪಿದ. ಖಾಲಿ ಗೋಲು. 0-1 ಸೋಲು.

ಎಲ್ಲರೂ ಹೆಡ್ ಕೋಚ್ ಮುಖ ನೋಡಿದೆವು. ಕೀಪರ್ ಎಲ್ಲರಿಗಿಂತ ಮೊದಲು ನೋಡಿದ. ಅವರು ಎದ್ದು ನಿಂತು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದರು. "ಸರಿಯಾಗೇ ಬಂದೆ, ಇನ್ನೊಂದು ಹೆಜ್ಜೆ ಬೇಗ ಬಾ" ಅಂತ ಕೂಗಿದರು. ಮ್ಯಾಚ್ ಸೋತೆವು. ಆದರೆ ಅವತ್ತು ಅವರು ಬೈದಿದ್ದರೆ ಮುಂದಿನ ಮ್ಯಾಚಿನಲ್ಲಿ ಕೀಪರ್ ಮತ್ತೆ ಗೆರೆ ಮೇಲೆ, ಸ್ಟಾಪರ್ ಮತ್ತೆ ಬಾಕ್ಸಿನಲ್ಲಿ. ಎಲ್ಲವೂ ಮೊದಲಿನ ಜಾಗಕ್ಕೆ ವಾಪಸ್ ಹೋಗುತ್ತಿತ್ತು. ಒಂದು ಪದ್ಧತಿಯನ್ನು ಬದಲಿಸಿದ ಮೇಲೆ ಅದರಿಂದಲೇ ಮೊದಲ ಗೋಲು ಬಿದ್ದಾಗ ಕೋಚ್ ಏನು ಮಾಡುತ್ತಾರೆ ಎನ್ನುವುದರ ಮೇಲೆ ಆ ಪದ್ಧತಿ ಉಳಿಯುವುದೋ ಹೋಗುವುದೋ ನಿಂತಿರುತ್ತದೆ. ಈ ಪ್ರಕರಣದಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ ಅನ್ನುತ್ತೇನೆ.

ಎಂಟು ಮ್ಯಾಚ್‌ಗಳಲ್ಲಿ 70ನೇ ನಿಮಿಷಕ್ಕೆ ಐದರಲ್ಲಿ ಮುಂದಿದ್ದೆವು. ನಾಲ್ಕು ಗೆದ್ದೆವು. ಎಲ್ಲವೂ ನಾವು ಬದಲಿಸಿದ್ದರಿಂದಲೇ ಆಯಿತು ಅಂತ ಹೇಳಲಾರೆ. ಕೊನೆಯ ತಿಂಗಳು ಬಿಸಿಲು ಇಳಿದಿತ್ತು, ಎದುರಾಳಿಗಳಲ್ಲಿ ಎರಡು ತಂಡ ದುರ್ಬಲ. ಪಾಳಿಯ ಹುಡುಗರಲ್ಲಿ ಒಬ್ಬನಿಗೆ ಹಗಲು ಕೆಲಸ ಸಿಕ್ಕಿತ್ತು. ಆದರೆ ವಿಡಿಯೊದಲ್ಲಿ ಕಂಡ ಒಂದು ವಿಷಯದ ಬಗ್ಗೆ ನನಗೆ ಅನುಮಾನ ಇಲ್ಲ. ಕೊನೆಯ 15 ನಿಮಿಷದಲ್ಲಿ ಹುಡುಗರು ಮತ್ತೆ ಕೈ ಎತ್ತಿ ಚೆಂಡು ಕೇಳುತ್ತಿದ್ದರು.

ಪೆನಾಲ್ಟಿ ಮತ್ತು ಬಾಕ್ಸ್ ಹತ್ತಿರದ ಫೌಲ್ ಮಾತ್ರ ನಾವು ಪೂರ್ತಿ ಸರಿಪಡಿಸಲಿಲ್ಲ. ಗೋಲಿಗೆ ಬೆನ್ನು ಹಾಕಿ ನಿಂತವನನ್ನು ಹಿಂದಿನಿಂದ ಟ್ಯಾಕ್ಲ್ ಮಾಡಬೇಡಿ ಎಂದು ಹೇಳಿದೆವು, ಸ್ವಲ್ಪ ಕಡಿಮೆಯಾಯಿತು. ದಣಿದ ಕಾಲು ತಡವಾಗಿ ಬೀಳುತ್ತದೆ. ಅದಕ್ಕೆ ಮಾತಿನಲ್ಲಿ ಮದ್ದಿಲ್ಲ. ದಣಿಯುವ ಮೊದಲೇ ಸೈಡ್ ಬ್ಯಾಕ್‌ಗಳನ್ನು ಬದಲಿಸಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಐದು ಸಬ್ ಹಾಕಲು ಅವಕಾಶ ಇದ್ದರೂ ನಮ್ಮ ಬೆಂಚಿನಲ್ಲಿ ಅಷ್ಟು ಸೈಡ್ ಬ್ಯಾಕ್‌ಗಳು ಇರಲಿಲ್ಲ.

ಕೊನೆಯ ಮ್ಯಾಚ್. ಗೆದ್ದರೆ ಮೇಲಿನ ಮೂರರಲ್ಲಿ ಮುಗಿಸುತ್ತಿದ್ದೆವು. 1-0 ಮುಂದೆ. 84ನೇ ನಿಮಿಷದಲ್ಲಿ 9ನೇ ನಂಬರಿನವನಿಗೆ ತೊಡೆ ಹಿಡಿದು ಕೂತುಬಿಟ್ಟ. ಬೆಂಚಿನಲ್ಲಿ ಡಿಫೆಂಡರ್ ಆಗಲೇ ಬಿಬ್ ತೆಗೆದು ನಿಂತಿದ್ದ. ಹೆಡ್ ಕೋಚ್ ಅವನನ್ನು ನೋಡಿದರು, ಜೇಬಿನ ಕಾಗದ ಮುಟ್ಟಿಕೊಂಡರು, 19 ವರ್ಷದ ವಿಂಗರ್‌ನನ್ನು ಒಳಗೆ ಕಳಿಸಿದರು. ಆ ಹುಡುಗ ಎರಡು ಸಲ ಚೆಂಡನ್ನು ಅವರ ಮೂಲೆಗೆ ಒಯ್ದು ಥ್ರೋ ಗಳಿಸಿದ. ಲೈನ್ ಪ್ರತಿ ಸಲ ಮೇಲೆ ಬಂತು. ಕೀಪರ್‌ನ ಕೂಗು ಗ್ಯಾಲರಿಯಲ್ಲಿ ಕೇಳುತ್ತಿತ್ತು. ಇಂಜುರಿ ಟೈಮಿನ ಎರಡನೇ ನಿಮಿಷದಲ್ಲಿ ಅವರ ಮಿಡ್‌ಫೀಲ್ಡರ್ ಒಬ್ಬ 25 ಗಜದಿಂದ ಹೊಡೆದ. ಚೆಂಡು ಕಂಬದ ಒಳಮೈಗೆ ಬಡಿದು ಗೋಲಿಗೆ ಹೋಯಿತು. 1-1.

ಹುಡುಗರು ನೆಲದ ಮೇಲೆ ಕೂತಿದ್ದರು. ಯಾರೂ ಅಳಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ. ಎರಡು ದಿನ ಬಿಟ್ಟು ಹಿರಿಯ ಸ್ಟಾಪರ್ ಫೋನ್ ಮಾಡಿದ. ಮಂಡಿ ನೋವಿನ ಹುಡುಗನಿಂದ ವಿಡಿಯೊ ತರಿಸಿಕೊಂಡು ನೋಡಿದ್ದನಂತೆ.

"ಸರ್, ಅರ್ಧ ನಿಮಿಷ ಹಿಂದಿನಿಂದ ಹಾಕಿ ನೋಡ್ದೆ. ಚೆಂಡು ನಾವು ಸುಮ್ನೆ ಕೊಟ್ಟಿಲ್ಲ. ಅವರೇ ಕಷ್ಟಪಟ್ಟು ತಗೊಂಡಿದ್ದು. ನಾನು ಬಾಕ್ಸ್ ಹೊರಗೇ ಇದೀನಿ, ಲೈನ್ ನೆಟ್ಟಗಿದೆ. ಸರಿ ಇತ್ತು, ಅಲ್ವಾ ಸರ್?"

"ಸರಿ ಇತ್ತಪ್ಪಾ" ಅಂದೆ. "ಒಳ್ಳೇ ಗೋಲು ಹೊಡೆದರು, ಅಷ್ಟೇ."

"ಹಾಗಾದ್ರೆ ಮುಂದಿನ ಸೀಸನ್ ಪ್ರಾಕ್ಟೀಸ್ ಯಾವಾಗ ಶುರು?" ಎಂದು ಕೇಳಿದ.